ಕತ್ತಿನ ಲೆಕ್ಕ ಫೋನಿನಲ್ಲಿದೆ, ನೋಡುವವರು ಯಾರು?

ಕತ್ತಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಆರು ವಾರ ಬಿಟ್ಟು ಒಪಿಡಿಗೆ ಬರುವುದು. ಹೊಲಿಗೆ ಬಿಚ್ಚಿಸುವ ಕೆಲಸ ಊರ ಹತ್ತಿರದ ಕ್ಲಿನಿಕ್ಕಿನಲ್ಲೇ ಮುಗಿದುಹೋದರೆ, ಆಪರೇಷನ್ ಮಾಡಿದ ಡಾಕ್ಟರು ಆ ಕತ್ತನ್ನು ಮತ್ತೆ ನೋಡುವುದು ನಲವತ್ತು ದಿನಗಳ ಮೇಲೆಯೇ. ಕತ್ತು ಸಡಿಲವಾಗುತ್ತದೋ ಬಿಗಿಯುತ್ತದೋ, ತೋಳಿಗೆ ಬಲ ಬರುತ್ತದೋ ಇದ್ದದ್ದೂ ಹೋಗುತ್ತದೋ, ಕಾಲರ್ ತೆಗೆಯಲು ಧೈರ್ಯ ಬರುತ್ತದೋ ಇಲ್ಲವೋ, ಎಲ್ಲ ತೀರ್ಮಾನವಾಗುವುದು ಈ ನಲವತ್ತು ದಿನಗಳಲ್ಲಿ. ಅಷ್ಟು ದಿನವೂ ರೋಗಿ ಇರುವುದು ಆಸ್ಪತ್ರೆಯ ಕಣ್ಣಿಗೆ ಬೀಳದ ತನ್ನ ಮನೆಯಲ್ಲಿ.

ಬೀದರಿನಿಂದಲೋ ಸುಳ್ಯದಿಂದಲೋ ಬೆಂಗಳೂರಿಗೆ ಬರುವವರನ್ನು ನೆನೆಸಿಕೊಳ್ಳಿ. ರಾತ್ರಿಯಿಡೀ ಬಸ್ಸಿನ ಕುಲುಕಾಟ, ಕತ್ತಿಗೆ ಕಾಲರ್, ಜೊತೆಗೆ ಮನೆಯವರೊಬ್ಬರು, ಇಬ್ಬರಿಗೂ ಎರಡು ದಿನದ ಕೂಲಿ ಖೋತಾ. ಬೆಳಗಿನಿಂದ ಸಾಲಿನಲ್ಲಿ ಕೂತು ಸರದಿ ಬಂದಾಗ ಸಿಗುವುದು ಕೆಲವೇ ನಿಮಿಷ. ‘ಹೇಗಿದ್ದೀರಿ?’ ‘ಪರವಾಗಿಲ್ಲ ಸಾರ್.’ ‘ಕತ್ತು ತಿರುಗಿಸಿ. ಆ ಕಡೆ. ಈ ಕಡೆ. ಮೇಲೆ ನೋಡಿ.’ ಡಾಕ್ಟರು ಕಣ್ಣಳತೆಯಲ್ಲೇ ಅಂದಾಜು ಮಾಡಿ ಒಂದು ಸಾಲು ಬರೆಯುತ್ತಾರೆ. ಕಳೆದ ಸಲ ಬರೆದ ಅಂದಾಜು ಇನ್ನೊಬ್ಬ ಡಾಕ್ಟರದ್ದಾಗಿದ್ದರೆ ಎರಡನ್ನೂ ಹೋಲಿಸಿ ಏನನ್ನೂ ಹೇಳಲಾಗದು.

ಇದೇ ರೋಗಿಯ ಜೇಬಿನಲ್ಲಿ, ಅಥವಾ ಮಗನ ಜೇಬಿನಲ್ಲಿ, ಕೋನ ಅಳೆಯಬಲ್ಲ ಯಂತ್ರವೊಂದು ಆ ಆರು ವಾರವೂ ಇತ್ತು. ಅದನ್ನು ಈ ಕೆಲಸಕ್ಕೆ ಹಚ್ಚಬಹುದೇ ಎಂದು ವೈದ್ಯರೂ ಎಂಜಿನಿಯರುಗಳೂ ಕೇಳತೊಡಗಿ ಹತ್ತು ವರ್ಷಕ್ಕೂ ಮೇಲಾಯಿತು. ಹಚ್ಚಬಹುದು ಎಂಬ ಉತ್ತರ ಸಿಕ್ಕಿದೆ. ಆದರೆ ಅಳೆಯುವುದು ಸುಲಭವಾದಷ್ಟೂ, ಅಳೆದದ್ದನ್ನು ನೋಡುವವರು ಯಾರು ಎಂಬ ಪ್ರಶ್ನೆ ದೊಡ್ಡದಾಗುತ್ತಿದೆ.

ಮಂಡಿಯಷ್ಟು ಸುಲಭವಲ್ಲ

ಮಂಡಿಯ ವಿಷಯದಲ್ಲಿ ಈ ಕೆಲಸ ಬೇಗ ಕೈಗೂಡಿತು. ಅಮೆರಿಕದ ಝಿಮ್ಮರ್ ಬಯೋಮೆಟ್ ಕಂಪನಿ ಆಪಲ್ ಜೊತೆ ಸೇರಿ, ಮಂಡಿ ಮತ್ತು ಸೊಂಟದ ಕೀಲು ಬದಲಿಸಿಕೊಂಡವರ ಚೇತರಿಕೆಯನ್ನು ಫೋನ್ ಮತ್ತು ವಾಚಿನ ಮೂಲಕ ಗಮನಿಸುವ ವ್ಯವಸ್ಥೆಯನ್ನು 2018ರಲ್ಲೇ ಹೊರತಂದಿತು. ಮಂಡಿ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಮಡಚುತ್ತದೆ, ಬಿಚ್ಚುತ್ತದೆ. ಇಷ್ಟು ಡಿಗ್ರಿ ಮಡಚಿತು ಎಂದರೆ ಅರ್ಧ ಕಥೆ ಹೇಳಿದ ಹಾಗೆ.

ಕತ್ತು ಹಾಗಲ್ಲ. ಸುಮಾರು ಐದು ಕಿಲೋ ತೂಕದ ತಲೆಯನ್ನು ಹೊತ್ತ ಏಳು ಕಶೇರುಗಳು ಮೂರು ದಿಕ್ಕಿನಲ್ಲಿ ಚಲಿಸುತ್ತವೆ. ತಲೆಬುರುಡೆ ಮತ್ತು ಮೊದಲ ಕಶೇರುವಿನ ನಡುವಣ ಕೀಲಿನಲ್ಲಿ ಮುಖ್ಯವಾಗಿ ನಡೆಯುವುದು ಮೇಲೆ ಕೆಳಗೆ ತಲೆಯಾಡಿಸುವ ಕೆಲಸ. ಪಕ್ಕಕ್ಕೆ ತಿರುಗುವ ಚಲನೆಯ ಸರಿಸುಮಾರು ಅರ್ಧಭಾಗ ಬರುವುದು ಒಂದನೆಯ ಮತ್ತು ಎರಡನೆಯ ಕಶೇರುಗಳ ನಡುವೆ, ಅಂದರೆ ಅಟ್ಲಾಸ್ ಮತ್ತು ಆ್ಯಕ್ಸಿಸ್ ಎಂದು ಕರೆಯುವ ಜೋಡಿಯಲ್ಲಿ. ಆ ಜೋಡಿಯ ನಡುವೆ ಡಿಸ್ಕ್ ಇಲ್ಲ. ಉಳಿದರ್ಧವನ್ನು ಕೆಳಗಿನ ಕಶೇರುಗಳು ಹಂಚಿಕೊಳ್ಳುತ್ತವೆ. ಅವು ತಿರುಗುವಾಗ ಜೊತೆಗೇ ಒಂದಿಷ್ಟು ಪಕ್ಕಕ್ಕೂ ವಾಲುತ್ತವೆ. ಹರೆಯದ ಆರೋಗ್ಯವಂತರ ಕತ್ತು ಒಂದೊಂದು ಪಕ್ಕಕ್ಕೆ ಸುಮಾರು 80 ಡಿಗ್ರಿ ತಿರುಗುತ್ತದೆ, 45 ಡಿಗ್ರಿಯಷ್ಟು ಭುಜದತ್ತ ವಾಲುತ್ತದೆ. ವಯಸ್ಸಾದಂತೆ ಇದು ಇಳಿಯುತ್ತ ಹೋಗುವುದು ಸಹಜ.

ಹೀಗಾಗಿ ಯಾವ ಕಶೇರುವಿಗೆ ಏನು ಮಾಡಿದ್ದಾರೆ ಎಂಬುದರ ಮೇಲೆ ಚೇತರಿಕೆಯ ಅರ್ಥವೇ ಬದಲಾಗುತ್ತದೆ. ಡಿಸ್ಕ್ ತೆಗೆದು ಎರಡು ಕಶೇರುಗಳನ್ನು ಮುಂದುಗಡೆಯಿಂದ ಬೆಸೆಯುವ ಆಪರೇಷನ್ 1950ರ ದಶಕದಿಂದ ಬಳಕೆಯಲ್ಲಿದೆ. ಸ್ಮಿತ್ ಮತ್ತು ರಾಬಿನ್ಸನ್, ಹೊನೊಲುಲುವಿನ ಕ್ಲೋವರ್ಡ್, ಈ ಶಸ್ತ್ರಚಿಕಿತ್ಸಕರು 1958ರಲ್ಲಿ ತಮ್ಮ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ಐದನೆಯ ಮತ್ತು ಆರನೆಯ ಕಶೇರುಗಳನ್ನು ಹೀಗೆ ಬೆಸೆದರೆ ಕತ್ತಿನ ಒಟ್ಟು ತಿರುಗಾಟದಲ್ಲಿ ಕಳೆದುಹೋಗುವುದು ಸ್ವಲ್ಪವೇ. ನೋವು ಹೋದ ಮೇಲೆ ಮೊದಲಿಗಿಂತ ಹೆಚ್ಚು ತಿರುಗುವುದೂ ಉಂಟು. ಆದರೆ ಮೇಲಿನ ಅಟ್ಲಾಸ್-ಆ್ಯಕ್ಸಿಸ್ ಜೋಡಿಯನ್ನೇ ಬಿಗಿದರೆ ಅರ್ಧದಷ್ಟು ತಿರುಗಾಟ ಹೋಯಿತೆಂದೇ ಲೆಕ್ಕ. ಆ ಜೋಡಿಯನ್ನು ಪ್ಲೇಟು ಸ್ಕ್ರೂಗಳಿಂದ ಬಿಗಿಯುವ ವಿಧಾನಕ್ಕೆ ಜಗತ್ತಿನಾದ್ಯಂತ ಭಾರತೀಯನೊಬ್ಬನ ಹೆಸರಿದೆ: ಮುಂಬೈನ ಕೆಇಎಂ ಆಸ್ಪತ್ರೆಯ ನರಶಸ್ತ್ರಚಿಕಿತ್ಸಕ ಅತುಲ್ ಗೋಯಲ್ 1994ರಲ್ಲಿ ಅದನ್ನು ಪ್ರಕಟಿಸಿದರು. ಅಂಥ ಆಪರೇಷನ್ ಆದವರ ಫೋನಿನಲ್ಲಿ ‘ಸಾಮಾನ್ಯ ಗುರಿ 80 ಡಿಗ್ರಿ’ ಎಂದು ಬರೆದಿಟ್ಟರೆ, ಆಪರೇಷನ್ ಪೂರ್ತಿ ಯಶಸ್ವಿಯಾಗಿದ್ದರೂ ಅವರು ದಿನಾ ಬೆಳಗ್ಗೆ ನಪಾಸಾಗುತ್ತಾರೆ. ಗುರಿ ಬರೆಯಬೇಕಾದವರು ಆ ಕತ್ತನ್ನು ಒಳಗಿನಿಂದ ಕಂಡ ಡಾಕ್ಟರು. ಆ್ಯಪ್ ಮಾಡಿದವರಿಗೆ ಅದು ತಿಳಿದಿರಲು ಸಾಧ್ಯವಿಲ್ಲ.

ಮಲಗಿಕೊಂಡರೆ ಸಿಗುವ ಕೋನ

ಫೋನಿಗೆ ಕೋನ ಹೇಗೆ ತಿಳಿಯುತ್ತದೆ? ಒಳಗೊಂದು ಚಿಕ್ಕ ಸಿಲಿಕಾನ್ ಚಿಪ್ಪಿನಲ್ಲಿ, ಬಾಚಣಿಗೆಯ ಹಲ್ಲುಗಳಂತೆ ಒಂದರ ನಡುವೆ ಒಂದು ತೂರಿಕೊಂಡಿರುವ ಅತಿಸೂಕ್ಷ್ಮ ಪಟ್ಟಿಗಳಿವೆ. ಒಂದು ಗುಂಪು ಸ್ಥಿರ, ಇನ್ನೊಂದು ತೂಗಾಡುವಂಥದ್ದು. ಫೋನ್ ವಾಲಿದಾಗ ಗುರುತ್ವ ಆ ತೂಗಾಡುವ ಗುಂಪನ್ನು ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ದೂರ ಸರಿಸುತ್ತದೆ. ಪಟ್ಟಿಗಳ ನಡುವಿನ ವಿದ್ಯುತ್ ಧಾರಣೆ ಬದಲಾಗುತ್ತದೆ, ಅದರಿಂದ ಕೋನ ಲೆಕ್ಕಕ್ಕೆ ಬರುತ್ತದೆ. ಇದೇ ಆಕ್ಸೆಲರೋಮೀಟರ್. ಫೋನ್ ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇದರಿಂದಲೇ.

ಇಲ್ಲಿ ಒಂದು ತೊಡಕಿದೆ. ಕೋನದ ಮಟ್ಟಿಗೆ ಈ ಸಾಧನಕ್ಕೆ ತಿಳಿಯುವುದು ನೆಲದ ಸೆಳೆತವೊಂದೇ. ನೆಟ್ಟಗೆ ಕೂತು ತಲೆ ಬಗ್ಗಿಸಿದರೆ, ಎತ್ತಿದರೆ, ಭುಜದತ್ತ ವಾಲಿಸಿದರೆ, ತಲೆಗೆ ಕಟ್ಟಿದ ಫೋನಿನ ವಾಲಿಕೆ ಬದಲಾಗುತ್ತದೆ; ಲೆಕ್ಕ ಸಿಗುತ್ತದೆ. ಆದರೆ ಕೂತಲ್ಲೇ ಎಡಕ್ಕೂ ಬಲಕ್ಕೂ ಮುಖ ತಿರುಗಿಸಿದರೆ ಫೋನ್ ನೆಲಕ್ಕೆ ಹೇಗಿತ್ತೋ ಹಾಗೆಯೇ ಇರುತ್ತದೆ. ಕತ್ತು ಪೂರ್ತಿ ತಿರುಗಿದರೂ ಆಕ್ಸೆಲರೋಮೀಟರಿಗೆ ಏನೂ ಆಗಿಲ್ಲ. ಆಗ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಮೊರೆಹೋಗುವುದು ಫೋನಿನ ದಿಕ್ಸೂಚಿಗೆ, ಅಂದರೆ ಮ್ಯಾಗ್ನೆಟೋಮೀಟರಿಗೆ. ಅದೋ ಕಬ್ಬಿಣದ ಮಂಚ, ಫ್ಯಾನು, ಗೋಡೆಯೊಳಗಿನ ಸರಳು ಎಲ್ಲದಕ್ಕೂ ವಿಚಲಿತವಾಗುತ್ತದೆ. ಕೆನಡಾದ ಶೆರ್ಬ್ರೂಕ್ ವಿಶ್ವವಿದ್ಯಾಲಯದ ಯಾನಿಕ್ ಟೂಸಿನ್ಯಾಂ-ಲಾಫ್ಲಾಮ್ ಮತ್ತು ಸಂಗಡಿಗರು 2013ರಲ್ಲಿ ಇದನ್ನೇ ಪರೀಕ್ಷಿಸಿದರು. ಆರೋಗ್ಯವಂತರ ಕತ್ತನ್ನು ಐಫೋನಿನ ಎರಡು ಆ್ಯಪ್‌ಗಳಿಂದ ಅಳೆದು, ಫಿಸಿಯೋಥೆರಪಿಯಲ್ಲಿ ಮಾನದಂಡವೆನಿಸಿದ ಕ್ರಾಮ್ ಉಪಕರಣದ ಜೊತೆ ಹೋಲಿಸಿದರು. ಕನ್ನಡಕದಂತೆ ತಲೆಗೆ ತೊಡಿಸುವ ಚೌಕಟ್ಟು, ಅದರಲ್ಲಿ ಮೂರು ಕೋನಮಾಪಕ, ಭುಜದ ಮೇಲೊಂದು ಆಯಸ್ಕಾಂತ, ಇದು ಕ್ರಾಮ್. ಬಗ್ಗುವ, ವಾಲುವ ಚಲನೆಗಳಲ್ಲಿ ಫೋನ್ ಅದಕ್ಕೆ ಸಾಕಷ್ಟು ಹತ್ತಿರ ಬಂತು. ದಿಕ್ಸೂಚಿ ನಂಬಿದ ತಿರುಗುವ ಚಲನೆಯಲ್ಲಿ ಸೋತಿತು.

ಪರಿಹಾರ ಸರಳವಾಗಿದೆ: ಮಲಗುವುದು. ಅಂಗಾತ ಮಲಗಿ ಹಣೆಯ ಮೇಲೆ ಫೋನ್ ಇಟ್ಟುಕೊಂಡು ಮುಖವನ್ನು ಪಕ್ಕಕ್ಕೆ ತಿರುಗಿಸಿದರೆ, ಅದೇ ತಿರುಗಾಟ ಈಗ ನೆಲಕ್ಕೆ ಎದುರಾದ ವಾಲಿಕೆಯಾಗುತ್ತದೆ, ಆಕ್ಸೆಲರೋಮೀಟರಿಗೆ ಕಾಣುತ್ತದೆ. ಕತ್ತಿಗೆ ಪೆಟ್ಟಾಗಿಲ್ಲದವರು, ಆಪರೇಷನ್ ಆಗಿಲ್ಲದವರು ಬೇಕಿದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ದಿಂಬು ತೆಗೆದು ಮಲಗಿ. ಕೋನ ತೋರಿಸುವ ಯಾವುದಾದರೂ ಆ್ಯಪ್ ತೆರೆದು ಫೋನನ್ನು ಹಣೆಗೆ ಅಡ್ಡವಾಗಿ ಇಟ್ಟು ಬಟ್ಟೆಪಟ್ಟಿಯಿಂದ ಕಟ್ಟಿ. ನಿಧಾನ ಬಲಕ್ಕೆ ತಿರುಗಿ, ಪಕ್ಕದಲ್ಲಿದ್ದವರಿಗೆ ಅಂಕಿ ಓದಲು ಹೇಳಿ. ಇನ್ನೂ ಎರಡು ಸಲ ಮಾಡಿ. ಮೂರು ಅಂಕಿಗಳೂ ಒಂದೇ ಬರುವುದು ಅಪರೂಪ. ಎಡಭುಜ ಹಾಸಿಗೆಯಿಂದ ಕೊಂಚ ಮೇಲೆದ್ದರೂ ಸಾಕು, ಕತ್ತಿನದಲ್ಲದ ಡಿಗ್ರಿಗಳು ಲೆಕ್ಕಕ್ಕೆ ಸೇರಿಬಿಡುತ್ತವೆ. ಅದಕ್ಕೇ ಫಿಸಿಯೋಥೆರಪಿಸ್ಟ್ ಅಳೆಯುವಾಗ ಒಂದು ಕೈ ಭುಜದ ಮೇಲೆ ಇಟ್ಟುಕೊಂಡಿರುವುದು.

ಐದಾರು ಡಿಗ್ರಿ ಹೆಚ್ಚುಕಡಿಮೆ ಬಂದರೆ ಅದು ಅಳತೆಯದೇ ಅಲುಗಾಟವಿರಬಹುದು. ನಿನ್ನೆ 52 ಇದ್ದದ್ದು ಇವತ್ತು 48 ಆಯಿತೆಂದು ಗಾಬರಿಯಾಗಬೇಕಿಲ್ಲ, ನಾಳೆ 55 ಆದರೆ ಸಂಭ್ರಮಿಸುವಂಥದ್ದೂ ಅಲ್ಲ. ಆದರೆ ಮೂರು ವಾರಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಅವು ಏರುತ್ತಿವೆಯೋ, ನಿಂತಿವೆಯೋ, ಇಳಿಯುತ್ತಿವೆಯೋ ಎಂಬುದು ಒಪಿಡಿಯ ಯಾವ ಕಣ್ಣಳತೆಗಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಫೋನಿನ ನಿಜವಾದ ಬಲ ಇದು. ಒಂದೊಂದು ಅಳತೆಯಲ್ಲಿ ಅದು ಆಸ್ಪತ್ರೆಯ ಉಪಕರಣಕ್ಕಿಂತ ಹಿಂದೆ. ಅದೇ ಮನೆ, ಅದೇ ಹಾಸಿಗೆ, ಅದೇ ಹೊತ್ತಿನಲ್ಲಿ ಮತ್ತೆ ಮತ್ತೆ ಅಳೆಯುವುದರಲ್ಲಿ ಆಸ್ಪತ್ರೆಗಿಂತ ಮುಂದೆ.

ತಲೆಗೆ ಏನನ್ನೂ ಕಟ್ಟದೆ ಅಳೆಯುವ ದಾರಿಗಳೂ ಬಂದಿವೆ. ಮುಖದ ಚಿತ್ರದಿಂದಲೇ ತಲೆ ಎತ್ತ ತಿರುಗಿದೆ ಎಂದು ಲೆಕ್ಕ ಹಾಕುವ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ; ಗೂಗಲ್‌ನ ಮೀಡಿಯಾಪೈಪ್ ಮುಖದ ಮೇಲೆ 468 ಬಿಂದುಗಳನ್ನು ಗುರುತಿಸುತ್ತದೆ. ಆಪಲ್ 2020ರಿಂದ ತನ್ನ ಏರ್‌ಪಾಡ್ಸ್ ಪ್ರೋ ಇಯರ್‌ಫೋನಿನೊಳಗಿನ ಚಲನೆಯ ಅಂಕಿಅಂಶಗಳನ್ನು ಆ್ಯಪ್ ತಯಾರಕರಿಗೆ ಬಿಟ್ಟುಕೊಟ್ಟಿದೆ, ಅಂದರೆ ಹಾಡು ಕೇಳುವ ಸಾಧನವೇ ತಲೆಯ ಚಲನೆಯನ್ನು ಅಳೆಯಬಲ್ಲದು. ಇಯರ್‌ಫೋನಿನ ಬೆಲೆ ನೋಡಿದರೆ ನಮ್ಮ ಜಿಲ್ಲಾಸ್ಪತ್ರೆಯ ರೋಗಿಗಳಿಗೆ ಅದು ದೂರದ ಮಾತು. ಕ್ಯಾಮೆರಾ ಹತ್ತಿರದ್ದು. ಆದರೆ ಮುಖ ಪೂರ್ತಿ ಪಕ್ಕಕ್ಕೆ ತಿರುಗಿದಾಗ ಅರ್ಧ ಬಿಂದುಗಳು ಮರೆಯಾಗುತ್ತವೆ, ಎಲ್ಲಿ ಅಳತೆ ಬೇಕೋ ಅಲ್ಲೇ ಲೆಕ್ಕ ತಡವರಿಸುತ್ತದೆ. ನಲವತ್ತು ವ್ಯಾಟಿನ ಬಲ್ಬಿನ ಕೋಣೆ, ತಲೆಯ ಮೇಲೆ ಸೆರಗು, ಗದ್ದದವರೆಗೆ ಕಾಲರ್, ಇವೆಲ್ಲ ಇನ್ನಷ್ಟು ಕೆಡಿಸುತ್ತವೆ. ಮೈಬಣ್ಣದ ಪ್ರಶ್ನೆಯೂ ಇದೆ. 2018ರಲ್ಲಿ ಜಾಯ್ ಬ್ಯುಲಮ್ವೀನಿ ಮತ್ತು ಟಿಮ್ನಿಟ್ ಗೆಬ್ರು ನಡೆಸಿದ ಅಧ್ಯಯನದಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳು ಬಿಳಿಮೈಯ ಗಂಡಸರಲ್ಲಿ ನೂರಕ್ಕೆ ಒಂದೂ ತಪ್ಪದಿದ್ದರೆ, ಕಪ್ಪು ಮೈಬಣ್ಣದ ಹೆಂಗಸರಲ್ಲಿ ನೂರಕ್ಕೆ ಮೂವತ್ತನಾಲ್ಕರವರೆಗೂ ತಪ್ಪಿದ್ದವು. ಕೋನ ಅಳೆಯುವುದು ಬೇರೆ ಕೆಲಸ, ನಿಜ. ಆದರೂ ರಾಯಚೂರಿನ ಬಿಸಿಲಲ್ಲಿ ದುಡಿದ ಮುಖಗಳ ಮೇಲೆ ಪರೀಕ್ಷಿಸದ ಆ್ಯಪನ್ನು ರಾಯಚೂರಿನಲ್ಲಿ ಬಳಸಬಾರದು ಎಂದೇ ನಾನು ಹೇಳುತ್ತೇನೆ.

ಡಿಗ್ರಿಗೆ ಸಿಗದ ಅಪಾಯ

ಕತ್ತು ಎಷ್ಟು ತಿರುಗುತ್ತದೆ ಎಂಬುದು ಮುಖ್ಯವೇ ಹೌದು, ಆದರೆ ಕತ್ತಿನ ಆಪರೇಷನ್ ಆದವರಲ್ಲಿ ಕೆಲವು ಕೆಟ್ಟ ಸುದ್ದಿಗಳು ಬರುವುದು ಕೈಯಿಂದ. ಬೆನ್ನುಹುರಿಯ ಒತ್ತಡ ಇಳಿಸುವ ಆಪರೇಷನ್ ಆದ ನೂರರಲ್ಲಿ ಸುಮಾರು ಐದು ಮಂದಿಗೆ, ಎಲ್ಲ ಸರಿಯಾಯಿತು ಎಂದುಕೊಂಡ ಮೇಲೆ, ಒಂದು ಭುಜ ಸೋಲುತ್ತದೆ. ಐದನೆಯ ನರಬೇರಿನ ಈ ದೌರ್ಬಲ್ಯಕ್ಕೆ ವೈದ್ಯರು ಸಿ5 ಪಾಲ್ಸಿ ಎನ್ನುತ್ತಾರೆ. ಆಪರೇಷನ್ ಥಿಯೇಟರಿನಿಂದ ಹೊರಬಂದಾಗ ತೋಳು ಚೆನ್ನಾಗಿಯೇ ಎದ್ದಿರುತ್ತದೆ. ಕೆಲವು ದಿನ ಕಳೆದು, ಒಮ್ಮೊಮ್ಮೆ ಮನೆಗೆ ಹೋದ ಮೇಲೆ, ತಲೆ ಬಾಚಲು ಕೈ ಎತ್ತಿದರೆ ಏಳುವುದಿಲ್ಲ. ಹೆಚ್ಚಿನವರಲ್ಲಿ ತಿಂಗಳುಗಟ್ಟಲೆ ಹಿಡಿದರೂ ಸುಧಾರಿಸುತ್ತದೆ, ಆದರೆ ಡಾಕ್ಟರಿಗೆ ಆ ದಿನವೇ ತಿಳಿಯಬೇಕು, ಬೇರೆ ಕಾರಣವೇನೂ ಇಲ್ಲವೆಂದು ಖಚಿತವಾಗಬೇಕು. ಕತ್ತಿನ ಕೋನದ ಆ್ಯಪ್ ಇದನ್ನು ಹಿಡಿಯುವುದಿಲ್ಲ. ಕತ್ತು ಎಂದಿನಂತೆಯೇ ತಿರುಗುತ್ತಿರುತ್ತದೆ. ಎರಡೂ ತೋಳು ಪಕ್ಕದಿಂದ ಮೇಲೆತ್ತುವ ಹತ್ತು ಸೆಕೆಂಡಿನ ವಿಡಿಯೊ ಹಿಡಿಯುತ್ತದೆ. ಅದಕ್ಕೆ ತಂತ್ರಾಂಶವೇ ಬೇಡ, ವಾಟ್ಸ್ಆ್ಯಪ್ ಸಾಕು, ಮತ್ತು ಆ ವಿಡಿಯೊ ತೆರೆದು ನೋಡುವ ಒಂದು ಜೊತೆ ಕಣ್ಣು.

ಇನ್ನೊಂದು ಪರೀಕ್ಷೆ ಜಪಾನಿನದು. ಬೆನ್ನುಹುರಿ ಕತ್ತಿನಲ್ಲಿ ಹಿಸುಕಿದಾಗ ಬೆರಳುಗಳು ಮೊದ್ದಾಗುತ್ತವೆ. ಅಂಗಿಯ ಗುಂಡಿ ಹಾಕಲಾಗದು, ಸೂಜಿಗೆ ದಾರ ಪೋಣಿಸಲಾಗದು. ಓನೊ ಮತ್ತು ಸಂಗಡಿಗರು 1987ರಲ್ಲಿ ಇದನ್ನು ‘ಮೈಲೋಪತಿ ಹ್ಯಾಂಡ್’ ಎಂದು ವಿವರಿಸಿ, ಹತ್ತು ಸೆಕೆಂಡಿನಲ್ಲಿ ಮುಷ್ಟಿಯನ್ನು ಎಷ್ಟು ಸಲ ಪೂರ್ತಿ ಮುಚ್ಚಿ ಪೂರ್ತಿ ತೆರೆಯಬಲ್ಲಿರಿ ಎಂದು ಎಣಿಸುವ ಕ್ರಮ ಕೊಟ್ಟರು. ಆರೋಗ್ಯವಂತರು ಇಪ್ಪತ್ತು ದಾಟುತ್ತಾರೆ. ರೋಗ ಬಲಿತವರು ಅರ್ಧಕ್ಕೇ ನಿಲ್ಲುವುದುಂಟು, ಬೆರಳು ಬಿಚ್ಚಿಕೊಳ್ಳಲು ಒದ್ದಾಡುವುದು ಕಣ್ಣಿಗೇ ಕಾಣುತ್ತದೆ. ಫೋನಿನ ಕ್ಯಾಮೆರಾಕ್ಕೆ ಇದು ಕತ್ತಿನ ಕೋನಕ್ಕಿಂತ ಸುಲಭದ ಕೆಲಸ. ವಾರಕ್ಕೊಮ್ಮೆ ಎಣಿಸಿ ಕಳುಹಿಸಿದರೆ ಬೆನ್ನುಹುರಿಯ ಸ್ಥಿತಿಯ ಬಗ್ಗೆ ಡಿಗ್ರಿಗಿಂತ ಹೆಚ್ಚು ಹೇಳುತ್ತದೆ.

ಫೋನಿಗೆ ಕಾಯಲೇಬಾರದ ಸಂಗತಿಗಳೂ ಇವೆ. ಮುಂದುಗಡೆಯಿಂದ ಆಪರೇಷನ್ ಆದವರ ಕತ್ತು ಊದಿಕೊಂಡು ಉಸಿರು ಕಟ್ಟಿದರೆ, ಮೂತ್ರ ನಿಂತರೆ, ಕಾಲು ಸೋತರೆ, ಅದು ಆ್ಯಪಿನಲ್ಲಿ ಗುರುತು ಹಾಕುವ ವಿಷಯವಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ದೂರದಿಂದ ಗಮನಿಸುವ ಯಾವುದೇ ವ್ಯವಸ್ಥೆ ರೋಗಿಗೆ ಮೊದಲ ದಿನ ಹೇಳಬೇಕಾದ್ದು ಇದನ್ನು.

ಬೆನ್ನುಮೂಳೆಯ ಆಪರೇಷನ್ನನ್ನೇ ನಡುವಿಟ್ಟು ಮಾತಾಡಿದರೆ ನಮ್ಮಲ್ಲಿ ಕತ್ತು ಬಿಗಿದು ಸಂಕಟಪಡುವ ಇನ್ನಿಬ್ಬರು ಮರೆತುಹೋಗುತ್ತಾರೆ. ಒಬ್ಬರು ಬಾಯಿಯ ಕ್ಯಾನ್ಸರಿನವರು. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅದು. ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಅದರ ಹಿಂದಿವೆ. ಕತ್ತಿನ ಗ್ರಂಥಿಗಳನ್ನು ತೆಗೆದು ಮೇಲೆ ವಿಕಿರಣ ಕೊಟ್ಟಾಗ ಚರ್ಮದಡಿಯ ಅಂಗಾಂಶ ಗಟ್ಟಿಯಾಗುತ್ತ ಹೋಗುತ್ತದೆ. ಈ ಬಿಗಿತ ಆರು ವಾರಕ್ಕೆ ಮುಗಿಯುವುದಿಲ್ಲ, ತಿಂಗಳು ವರ್ಷಗಳವರೆಗೆ ನಿಧಾನ ಮುಂದುವರಿಯಬಲ್ಲದು. ಭುಜ ಎತ್ತುವ ನರಕ್ಕೂ ಪೆಟ್ಟಾಗಿದ್ದರೆ ತೋಳು ಜೋಲುತ್ತದೆ. ಬಾಯಿ ತೆರೆಯುವುದೂ ಕುಗ್ಗುತ್ತದೆ. ಮೂರು ಬೆರಳು ಮೇಲೆ ಕೆಳಗೆ ಜೋಡಿಸಿ ಹಲ್ಲುಗಳ ನಡುವೆ ಹಿಡಿಸಿ ನೋಡುವುದು ಹಳೆಯ ಅಳತೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ದೂರದ ಜಿಲ್ಲೆಗಳಿಂದ ಬಂದು ಹೋಗುವ ಇಂಥವರಿಗೆ, ಕ್ಯಾನ್ಸರ್ ಮರುಕಳಿಸಿತೋ ಎಂಬ ತಪಾಸಣೆಯ ನಡುವೆ ಕತ್ತಿನ ಬಿಗಿತದ ಮಾತು ಹಿಂದೆ ಸರಿಯುತ್ತದೆ.

ಇನ್ನೊಬ್ಬರು ಸುಟ್ಟಗಾಯದವರು, ಅದರಲ್ಲೂ ಹೆಂಗಸರು. ಸ್ಟೋವಿನ ಬೆಂಕಿ ಸೆರಗಿಗೆ ಹತ್ತಿದರೆ ಮೊದಲು ಬೇಯುವುದು ಎದೆ ಮತ್ತು ಕತ್ತಿನ ಮುಂಭಾಗ. ಗಾಯ ಮಾಯುತ್ತದೆ, ಮಾಯುತ್ತಲೇ ಎಳೆದುಕೊಳ್ಳುತ್ತದೆ. ಆ ಎಳೆತ ತಿಂಗಳುಗಟ್ಟಲೆ ನಡೆಯುತ್ತದೆ. ದಿಂಬಿಲ್ಲದೆ ಕತ್ತು ಹಿಂದಕ್ಕೆ ಚಾಚಿ ಮಲಗದಿದ್ದರೆ, ಪಟ್ಟಿ ತೊಡದಿದ್ದರೆ, ವ್ಯಾಯಾಮ ಬಿಟ್ಟರೆ, ಗದ್ದ ಎದೆಗೆ ಅಂಟುವ ಮಟ್ಟಕ್ಕೂ ಹೋಗುತ್ತದೆ. ಮತ್ತೆ ಆಪರೇಷನ್, ಮತ್ತೆ ಚರ್ಮದ ಕಸಿ. ಈ ಎಳೆತ ಶುರುವಾದದ್ದು ವಾರಕ್ಕೊಂದು ಫೋಟೊದಲ್ಲಿ ಕಾಣುತ್ತದೆ: ಪಕ್ಕದಿಂದ, ಗದ್ದ ಎತ್ತಿದಷ್ಟು ಎತ್ತಿ, ಅದೇ ಗೋಡೆಯ ಮುಂದೆ. ನನ್ನ ಮಟ್ಟಿಗೆ ಈ ಇಡೀ ತಂತ್ರಜ್ಞಾನದ ಅತ್ಯಂತ ಅಗ್ಗದ, ಅತ್ಯಂತ ನ್ಯಾಯವಾದ ಬಳಕೆ ಇದೇ. ಜಾಹೀರಾತುಗಳಲ್ಲಿ ಕಾಣುವುದು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ನೋಯಿಸಿಕೊಂಡವರು.

ಕೇಳದೆಯೇ ಬರೆದುಕೊಳ್ಳುವ ಫೋನ್

ಇಲ್ಲಿಯವರೆಗೆ ಹೇಳಿದ್ದೆಲ್ಲ ರೋಗಿ ತಾನಾಗಿ ಮಾಡಬೇಕಾದ ಅಳತೆ. ಏನನ್ನೂ ಮಾಡದೆ ಫೋನ್ ಜೇಬಿನಲ್ಲಿಟ್ಟುಕೊಂಡು ಓಡಾಡಿದರೂ ಸಾಕು ಎನ್ನುವ ಇನ್ನೊಂದು ದಾರಿಯಿದೆ. ಹಾರ್ವರ್ಡ್‌ನ ಜುಕ್ಕಾ-ಪೆಕ್ಕ ಓನೆಲಾ ಅವರ ತಂಡ ಕಟ್ಟಿದ ಬೈವಿ ಎಂಬ ವೇದಿಕೆ ಇಂಥ ಮಾಹಿತಿಯನ್ನು ರೋಗಿಯ ಒಪ್ಪಿಗೆ ಪಡೆದು ಸಂಗ್ರಹಿಸುತ್ತದೆ. ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕರು ಬೆನ್ನುಮೂಳೆಯ ರೋಗಿಗಳಲ್ಲಿ ಅದನ್ನು ಬಳಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ದಾಖಲಿಸಿದ ನೋವು ಹೆಚ್ಚಿದಾಗ ಜಿಪಿಎಸ್ ಲೆಕ್ಕದ ಓಡಾಟ ಕಡಿಮೆಯಾದದ್ದು ಕಂಡುಬಂತು. ಕೇಳಿದರೆ ಅರೆಬರೆ ಉತ್ತರ ಕೊಡುವವರ ಸ್ಥಿತಿಯೂ ಅವರ ಓಡಾಟದಲ್ಲಿ ಕಾಣುತ್ತದೆ ಎಂಬುದು ಇದರ ಆಕರ್ಷಣೆ.

ಆದರೆ ಈ ಲೆಕ್ಕವನ್ನು ನಮ್ಮ ಮನೆಗಳಿಗೆ ತಂದರೆ ಏನಾಗುತ್ತದೆ? ಕತ್ತುನೋವಿನ ನಡುವೆಯೂ ಬೆಳಗ್ಗೆ ಐದಕ್ಕೆದ್ದು ನೀರು ಹೊತ್ತು, ದನದ ಕೊಟ್ಟಿಗೆ ಬಳಿದು, ರೊಟ್ಟಿ ತಟ್ಟಿ, ಬಟ್ಟೆ ಒಗೆದ ಹೆಂಗಸು ಜಿಪಿಎಸ್ ಲೆಕ್ಕದಲ್ಲಿ ದಿನವಿಡೀ ಮನೆಯಲ್ಲೇ ಇದ್ದವಳು. ಕೆಲಸದ ಹೊತ್ತಿನಲ್ಲಿ ಫೋನು ಗೂಡಿನಲ್ಲಿರುತ್ತದೆ, ಹಾಗಾಗಿ ಹೆಜ್ಜೆಗಳೂ ಸೊನ್ನೆ. ಆ ಫೋನಾದರೂ ಅವಳದೇ ಎಂದೇನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದದ್ದು ದೇಶದ ನೂರಕ್ಕೆ 54 ಹೆಂಗಸರಿಗೆ ಮಾತ್ರ, ಅದೂ ಸ್ಮಾರ್ಟ್‌ಫೋನೇ ಆಗಿರಬೇಕಿಲ್ಲ. ಫೋನ್ ಗಂಡನದಾಗಿದ್ದರೆ, ಅದು ಬರೆದುಕೊಳ್ಳುವುದು ಗಂಡನ ಓಡಾಟವನ್ನು.

ಪ್ರಶ್ನಾವಳಿಗಳದೂ ಇದೇ ಕಥೆ. ಕತ್ತುನೋವಿನಿಂದ ಬದುಕು ಎಷ್ಟು ಕುಂಠಿತವಾಗಿದೆ ಎಂದು ಅಳೆಯಲು 1991ರಲ್ಲಿ ಕೆನಡಾದ ವರ್ನನ್ ಮತ್ತು ಮಿಯೊರ್ ಪ್ರಕಟಿಸಿದ ‘ನೆಕ್ ಡಿಸೆಬಿಲಿಟಿ ಇಂಡೆಕ್ಸ್’ ಇವತ್ತಿಗೂ ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ಹತ್ತು ಪ್ರಶ್ನೆ, ಒಟ್ಟು 50 ಅಂಕ. ಅದರಲ್ಲಿ ಒಂದು ಪ್ರಶ್ನೆ ಓದುವುದರ ಬಗ್ಗೆ, ಇನ್ನೊಂದು ಕಾರು ಓಡಿಸುವುದರ ಬಗ್ಗೆ. ಎರಡೂ ಮಾಡದವರಿಗೆ ಆ ಸಾಲುಗಳು ಖಾಲಿ ಬೀಳುತ್ತವೆ. ಬೇಕಾದದ್ದು ಅವರವರ ಕೆಲಸದ ಪ್ರಶ್ನೆ. ಅಡಿಕೆ ತೋಟದವನಿಗೆ ಗೊನೆ ನೋಡಲು ಕತ್ತು ಮೇಲೆತ್ತಬೇಕು. ಬೈಕಿನವನಿಗೆ ಹಿಂದೆ ಲಾರಿ ಬರುತ್ತಿದೆಯೇ ಎಂದು ತಿರುಗಿ ನೋಡಬೇಕು. ಹುಲ್ಲಿನ ಹೊರೆ ಹೊರುವವಳಿಗೆ ಕೋನಕ್ಕಿಂತ ಭಾರದ್ದೇ ಪ್ರಶ್ನೆ, ಯಾವಾಗಿನಿಂದ ಹೊರಬಹುದು, ಎಷ್ಟು ಹೊರಬಹುದು. ‘ಈ ವಾರ ಇದು ಸಾಧ್ಯವಾಯಿತೇ?’ ಎಂದು ಕನ್ನಡದಲ್ಲಿ, ಧ್ವನಿಯಲ್ಲಿ ಕೇಳುವ ಒಂದೇ ಪ್ರಶ್ನೆ ಹತ್ತು ಪ್ರಶ್ನೆಗಳ ಫಾರಮಿಗಿಂತ ಹೆಚ್ಚು ತಿಳಿಸಬಲ್ಲದು.

ನೋಡುವ ಕಣ್ಣಿಗೆ ಸಂಬಳ

ದೂರದ ರೋಗಿಯನ್ನು ತಂತ್ರಜ್ಞಾನದ ಮೂಲಕ ನೋಡುವುದು ಕರ್ನಾಟಕಕ್ಕೆ ಹೊಸದಲ್ಲ. 2000ರ ದಶಕದ ಮೊದಲ ವರ್ಷಗಳಲ್ಲೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಂದು ಈ ತುದಿಯಲ್ಲಿ ಡಾಕ್ಟರು, ಆ ತುದಿಯಲ್ಲೂ ಡಾಕ್ಟರು. ಕೋವಿಡ್ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಂದೇ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ, ಫೋನಿನಲ್ಲಿ ರೋಗಿಯನ್ನು ನೇರವಾಗಿ ನೋಡುವುದಕ್ಕೆ ಕಾನೂನಿನ ನೆಲೆ ಕೊಟ್ಟಿತು. ಅದೇ ತೊಂದರೆಗೆ ಎದುರಾಎದುರು ನೋಡಿ ಆರು ತಿಂಗಳೊಳಗಾಗಿದ್ದರೆ ಅದನ್ನು ಫಾಲೋಅಪ್ ಎಂದೇ ಪರಿಗಣಿಸಬಹುದು. ಬೆನ್ನುಮೂಳೆಯ ಆಪರೇಷನ್ ಆದವರ ಕತ್ತಿನ ಚೇತರಿಕೆಯ ಮುಖ್ಯ ಅವಧಿಯೆಲ್ಲ ಈ ಆರು ತಿಂಗಳೊಳಗೇ ಬರುತ್ತದೆ. ಸರ್ಕಾರದ ಇ-ಸಂಜೀವನಿ ಟೆಲಿಮೆಡಿಸಿನ್ ವ್ಯವಸ್ಥೆ ಹಳ್ಳಿಯ ಆರೋಗ್ಯ ಕೇಂದ್ರಗಳವರೆಗೂ ತಲುಪಿದೆ. ಕಾನೂನು ಇದೆ, ಜಾಲ ಇದೆ.

ಇಲ್ಲದ್ದು ಆ ತುದಿಯಲ್ಲಿ ಕೂತು ನೋಡುವವರ ವೇಳೆಗೆ ಬೆಲೆ. ಅಮೆರಿಕದಲ್ಲಿ ಇದಕ್ಕೊಂದು ಲೆಕ್ಕ ಬಂದಿದೆ. ಅಲ್ಲಿನ ಮೆಡಿಕೇರ್ ವಿಮೆ 2022ರ ಜನವರಿಯಿಂದ, ಕೀಲು-ಸ್ನಾಯುಗಳ ಚೇತರಿಕೆಯನ್ನು ದೂರದಿಂದ ಗಮನಿಸುವ ಫಿಸಿಯೋಥೆರಪಿಸ್ಟರಿಗೆ ಪ್ರತ್ಯೇಕವಾಗಿ ಹಣ ಕೊಡತೊಡಗಿತು. ಮಾಡಿದ ಕೂಡಲೇ ಒಂದು ವಕ್ರತೆಯೂ ಬಂತು: ಸಾಧನದ ಹಣ ಸಿಗಬೇಕಾದರೆ 30 ದಿನಗಳಲ್ಲಿ ಕನಿಷ್ಠ 16 ದಿನ ಮಾಹಿತಿ ಬಂದಿರಬೇಕು ಎಂಬ ಷರತ್ತಿನೊಂದಿಗೆ ಅದು ಶುರುವಾಯಿತು. ವಾರಕ್ಕೆರಡು ಅಳತೆ ಸಾಕಾದ ರೋಗಿಗೂ ದಿನ ಬಿಟ್ಟು ದಿನ ಅಳೆಯಲು ಒತ್ತಾಯ ಬರುವುದು ಹೀಗೆ. ಕತ್ತುನೋವಿನವರಿಗೆ ದಿನವೂ ನೋವನ್ನೇ ಧ್ಯಾನಿಸುವಂತೆ ಮಾಡುವುದು ಚಿಕಿತ್ಸೆಯಲ್ಲ. ನಾವು ಆ ಷರತ್ತನ್ನು ನಕಲು ಮಾಡಬೇಕಿಲ್ಲ, ಹಣ ಕೊಡುವ ಯೋಚನೆಯನ್ನು ತೆಗೆದುಕೊಂಡರೆ ಸಾಕು.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಪ್ಯಾಕೇಜು ಡಿಸ್ಚಾರ್ಜ್ ಆದ ಮೇಲೆ 15 ದಿನಗಳವರೆಗಿನ ವೆಚ್ಚವನ್ನು ಒಳಗೊಳ್ಳುತ್ತದೆ. ಹದಿನಾರನೆಯ ದಿನದಿಂದ ರೋಗಿ ತನ್ನ ಪಾಡಿಗೆ ತಾನು. ಕತ್ತಿನ ವ್ಯಾಯಾಮ ಗಟ್ಟಿಯಾಗಿ ಶುರುವಾಗುವುದೇ ಅದಾದ ಮೇಲೆ. ಸುಟ್ಟಗಾಯದ ಎಳೆತ, ವಿಕಿರಣದ ಬಿಗಿತ ತಲೆಯೆತ್ತುವುದೂ ಅದಾದ ಮೇಲೆಯೇ. ಹಾಗಾಗಿ ಬದಲಾವಣೆ ಶುರುವಾಗಬೇಕಾದ್ದು ಆ್ಯಪಿನಿಂದ ಅಲ್ಲ, ಈ 15 ದಿನದ ಗೆರೆಯಿಂದ. ಸುಟ್ಟಗಾಯ ಮತ್ತು ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಒಂದು ವರ್ಷಕ್ಕೆ, ಬೆನ್ನುಮೂಳೆಯ ಆಪರೇಷನ್ ಆದವರಿಗೆ ಮೂರು ತಿಂಗಳಿಗೆ ಹಿಗ್ಗಿಸಿ, ಅದರೊಳಗೆ ಫಿಸಿಯೋಥೆರಪಿಸ್ಟರ ವಾರದ ಒಂದು ವಿಡಿಯೊ ಕರೆಗೆ ಹಣ ಇಡಬೇಕು. ಫೋನಿಲ್ಲದವರಿಗೆ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಟ್ಯಾಬ್ ಇದೆ. ಭುಜ ಹಿಡಿದು ಮಲಗಿಸಿ ಅಳೆಯಲು, ಗೋಡೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯಲು ಅವರಿಗೆ ಒಂದು ದಿನದ ತರಬೇತಿ ಸಾಕು. ಬಂದ ಫೋಟೊ ಯಾರ ಕೈ ಸೇರುತ್ತದೆ, ಎಷ್ಟು ದಿನ ಇರುತ್ತದೆ ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಒಪ್ಪುವಂತೆ, ರೋಗಿಗೆ ಅರ್ಥವಾಗುವ ಕನ್ನಡದಲ್ಲಿ, ಮೊದಲೇ ಓದಿ ಹೇಳಬೇಕು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯ ವಿಭಾಗದಂಥ ಒಂದೇ ಕಡೆ ಶುರುವಾದರೂ ಸಾಕು. ಡಿಸ್ಚಾರ್ಜ್ ಚೀಟಿಯ ಮೇಲೆ ಮುಂದಿನ ಒಪಿಡಿಯ ತಾರೀಕಿನ ಕೆಳಗೆ ಇನ್ನೊಂದು ಸಾಲು ಸೇರಬೇಕು: ಪ್ರತಿ ಸೋಮವಾರ ಫೋಟೊ ಕಳುಹಿಸಬೇಕಾದ ನಂಬರು, ಮತ್ತು ಅದನ್ನು ನೋಡಿ ಬುಧವಾರದೊಳಗೆ ಕರೆ ಮಾಡುವವರ ಹೆಸರು.